ನಾವು ಹೊಡೆದುಹಾಕಿದ ಹೆಸರು

ಎಲ್ಲಿಯಾದರೂ ಹದಿನೈದಿಪ್ಪತ್ತು ಹೆಸರುಗಳು ಒಂದರ ಕೆಳಗೊಂದು ಕಂಡರೆ ಸಾಕು, ನನ್ನ ತಲೆ ಅದರಲ್ಲಿ ಹನ್ನೊಂದನ್ನು ಆರಿಸಿ ಫುಟ್‌ಬಾಲ್ ಮೈದಾನಕ್ಕೆ ಇಳಿಸಿಬಿಡುತ್ತದೆ. ಮದುವೆಯ ಕರೆಯೋಲೆಯ ಕೊನೆಗೆ ಕಾಕಾ, ಮಾಮಾ, ಅಳಿಯಂದಿರ ಹೆಸರುಗಳ ಸಾಲು ಇರುತ್ತದಲ್ಲ, ಅದನ್ನು ನೀವು ಓದುವುದೇ ಇಲ್ಲ. ನಾನು ಮೊದಲು ಓದುವುದೇ ಅದನ್ನು. ದೊಡ್ಡಪ್ಪನವರಿಗೆ ಹೊಟ್ಟೆ ಬಂದಿದೆ, ಓಡಲಾರರು, ನಡುವೆ ನಿಂತು ಎದುರಾಳಿಯನ್ನು ತಡೆದರೆ ಸಾಕು. ಸಣ್ಣ ಕಾಕಾ ಯಾರ ಮಾತನ್ನೂ ಕೇಳುವವರಲ್ಲ, ಅಂಥವರನ್ನು ಮುಂದೆ ಬಿಡಬೇಕು. ಹೀಗೆ ಮದುಮಗಳ ಸೋದರಮಾವನವರೆಗೆ ಬರುವಷ್ಟರಲ್ಲಿ ತಂಡ ಸಿದ್ಧವಾಗಿರುತ್ತದೆ.

ಕಳೆದ ವರ್ಷ ನೆಂಟರ ಮನೆಯ ನಿಶ್ಚಯದಲ್ಲಿ ಯಾರೋ ಹಿರಿಯರು, “ಹುಡುಗನ ಅಪ್ಪನ್ನ ನೋಡಿದ್ರೆಲಾ, ಹೆಂಗನಸ್ತಾರ?” ಎಂದು ಕೇಳಿದರು. ನಾನು ಅನ್ಯಮನಸ್ಕನಾಗಿ, “ಎಡಗಡೆ ಡಿಫೆನ್ಸಿಗೆ ಛಲೋ ಆಗತಾರ್ರಿ,” ಎಂದುಬಿಟ್ಟೆ. ಹೆಂಡತಿ ಹಿಂದಿನಿಂದ ಚಿವುಟಿದ ಗುರುತು ಎರಡು ದಿನ ಇತ್ತು.

ಆದರೆ ಈಚೆಗೆ ಈ ಆಟದಲ್ಲಿ ಒಂದು ತೊಡಕು ಬಂದಿದೆ. ಹತ್ತು ಜಾಗಗಳನ್ನು ಸಲೀಸಾಗಿ ತುಂಬುತ್ತೇನೆ. ಗೋಲಿನ ಮುಂದೆ ಯಾರನ್ನು ನಿಲ್ಲಿಸಬೇಕು ಎನ್ನುವಾಗ ಮನಸ್ಸು ಹಿಂಜರಿಯುತ್ತದೆ. ಯಾಕೆಂದು ಹೇಳಬೇಕಾದರೆ ನಮ್ಮ ತಂಡದ ವಿಷಯ ಹೇಳಬೇಕು, ಮಲ್ಲೇಶಿಯ ವಿಷಯ ಹೇಳಬೇಕು. ನನ್ನ ವಿಷಯವನ್ನೂ ಹೇಳಬೇಕು, ಅದು ಅಷ್ಟು ಚೆಂದದ್ದಲ್ಲ.

ನಮ್ಮ ತಂಡವೆಂದರೆ ಹುಬ್ಬಳ್ಳಿಯ ಗಿರಣಿ ಚಾಳದ, ಅಂದರೆ ಗಿರಣಿ ಕೆಲಸಗಾರರ ಸಾಲುಮನೆಗಳ, ತಂಡ. ಊರೆಲ್ಲ ಸುಮ್ಮನೆ ‘ಚಾಳ’ ಎನ್ನುತ್ತದೆ. ನನ್ನಪ್ಪ ಆ ಗಿರಣಿಯಲ್ಲಿ ನೂಲು ತೆಗೆಯುವ ವಿಭಾಗದಲ್ಲಿದ್ದ. ಸಂಜೆ ಮನೆಗೆ ಬಂದಾಗ ಅವನ ಹುಬ್ಬಿನ ಮೇಲೆ ಹತ್ತಿಯ ಎಳೆಗಳು ಕೂತಿರುತ್ತಿದ್ದವು. ಚಿಕ್ಕವನಾಗಿದ್ದಾಗ ನಾನು, ಅಪ್ಪ ದಿನಾ ಬೆಳಿಗ್ಗೆ ಹರೆಯದವನಾಗಿ ಹೋಗಿ ಸಂಜೆ ಮುದುಕನಾಗಿ ಬರುತ್ತಾನೆ ಎಂದು ತಿಳಿದಿದ್ದೆ. ಗಿರಣಿಯ ಹಿಂದಿನ ಗೋಡೆಗೆ ಹತ್ತಿಕೊಂಡು ಒಂದು ಬಯಲಿತ್ತು. ಒಂದು ಕಡೆ ಕಬ್ಬಿಣದ ಕೊಳವೆಯ ಗೋಲುಕಂಬ, ಇನ್ನೊಂದು ಕಡೆ ಎರಡು ಕಲ್ಲು. ಚೆಂಡಿನ ಬ್ಲಾಡರ್ ತೂತಾದರೆ ಸೈಕಲ್ ಪಂಕ್ಚರ್ ತೆಗೆಯುವ ದಸ್ತಗೀರ್ ಅದಕ್ಕೆ ತೇಪೆ ಹಚ್ಚಿಕೊಡುತ್ತಿದ್ದ. ಬಲಗಡೆಯಿಂದ ಅವನು ಚೆಂಡು ಒಯ್ಯುತ್ತಿದ್ದರೆ ನಲ್ಲಿಯ ಮುಂದೆ ಕೊಡಕ್ಕಾಗಿ ಜಗಳಾಡುತ್ತಿದ್ದ ಹೆಂಗಸರೂ ಜಗಳ ನಿಲ್ಲಿಸಿ ನೋಡುತ್ತಿದ್ದರು.

ನಾನು ಆಡಲಿಲ್ಲವೇ ಎಂದು ಕೇಳುತ್ತೀರಿ. ಆಡಿದೆ, ಒಂದೇ ಒಂದು ಪಂದ್ಯ. ಹದಿನಾಲ್ಕನೆಯ ವಯಸ್ಸಿನಲ್ಲಿ ಬಲಗಡೆ ಹಿಂದೆ ನಿಲ್ಲಿಸಿದ್ದರು. ಚೆಂಡು ನನ್ನ ಕಡೆ ರಭಸದಿಂದ ಬಂತು. ಓಣಿಯಲ್ಲಿ ಹಿರಿಯರು ಎದುರು ಬಂದರೆ ಸರಿದು ದಾರಿ ಬಿಡುವ ಸಂಸ್ಕಾರವನ್ನು ಅವ್ವ ಕಲಿಸಿದ್ದಳು. ನಾನು ಚೆಂಡಿಗೂ ಹಾಗೆಯೇ ಸರಿದು ದಾರಿ ಬಿಟ್ಟೆ. ಅರ್ಧ ಆಟವಾದ ಮೇಲೆ ನನ್ನ ಕೈಗೆ ಗೆರೆ ಕಾಯುವ ಬಾವುಟ ಕೊಟ್ಟರು. ಅಂದಿನಿಂದ ನಾನು ಗೆರೆಯ ಆಚೆಯವನೇ.

ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಬಯಲಿನ ಅರ್ಧದಲ್ಲಿ ಕಲ್ಯಾಣಮಂಟಪ ಎದ್ದಿದೆ. ಚಾಳದ ಮನೆಗಳಲ್ಲಿ ಬೇರೆ ಊರುಗಳ ಜನ ಬಾಡಿಗೆಗೆ ಇದ್ದಾರೆ. ತಂಡ ಮಾತ್ರ ಹೇಗೋ ಉಳಿದಿದೆ, ಪ್ರತಿವರ್ಷ ಊರಿನ ಲೀಗಿನಲ್ಲಿ ಆಡುತ್ತದೆ, ಹೆಚ್ಚಾಗಿ ಸೋಲುತ್ತದೆ. ನಾನು ಸಾರಿಗೆ ಡಿಪೋದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದೆ. ದಸ್ತಗೀರ್ ಈಗ ಎಲ್ಲರಿಗೂ ದಸ್ತಗೀರ್ ಕಾಕಾ. ಚಾಳದ ಮೂಲೆಯಲ್ಲಿ ಮೋಟಾರು ಗ್ಯಾರೇಜು ಇದೆ, ಎರಡೂ ಮೊಣಕಾಲು ಹೋಗಿವೆ. ನಮ್ಮ ಮೂರನೆಯವನು ಚನ್ನಬಸಪ್ಪ, ಮಾರುಕಟ್ಟೆಯಲ್ಲಿ ಹತ್ತಿ, ಕಾಳಿನ ವ್ಯಾಪಾರ. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಮೈಮೇಲೆ ಇಸ್ತ್ರಿ ಕೆಡದ ಬಿಳಿ ಅಂಗಿ. ಹುಡುಗನಾಗಿದ್ದಾಗ ಅಪ್ಪನ ಜೊತೆ ಗಿರಣಿಗೆ ಹತ್ತಿ ಹಾಕಲು ಬಂದವನು ಗೋಡೆಯ ಮೇಲೆ ಕೂತು ಪಂದ್ಯ ನೋಡಿದನಂತೆ, ಇನ್ನೂ ಇಳಿದಿಲ್ಲ. ಜನ್ಮದಲ್ಲಿ ಚೆಂಡಿಗೆ ಕಾಲು ತಾಗಿಸಿದವನಲ್ಲ. ಆದ್ದರಿಂದ ಆಟದ ಬಗ್ಗೆ ಅವನ ಅಭಿಪ್ರಾಯಗಳು ನಮ್ಮೆಲ್ಲರಿಗಿಂತ ಗಟ್ಟಿ.

ಲೀಗಿನ ಮೊದಲ ಪಂದ್ಯಕ್ಕೆ ಹದಿನೈದು ದಿನ ಇರುವಾಗ ನಾವು ಮೂವರು ಗ್ಯಾರೇಜಿನಲ್ಲಿ ಪಟ್ಟಿ ಮಾಡಲು ಕೂಡುತ್ತೇವೆ. ಯಾರೂ ನಮಗೆ ಹೇಳಿಲ್ಲ. ಕೋಚ್ ಯಲ್ಲಪ್ಪ ವಿದ್ಯುತ್ ಕಂಬ ಹತ್ತುವ ನೌಕರ, ಬಿಡುವಿಲ್ಲದ ಮನುಷ್ಯ. ಮೊದಮೊದಲು ನಮ್ಮ ಪಟ್ಟಿಯನ್ನು ನಗುತ್ತ ನೋಡುತ್ತಿದ್ದ. ಆಮೇಲಾಮೇಲೆ ಅದನ್ನೇ ಮಡಚಿ ಜೇಬಿಗೆ ಹಾಕಿಕೊಂಡು ಹೋಗತೊಡಗಿದ. ಹೀಗೆ ಗೆರೆಯ ಆಚೆ ಕೂತ ಮೂವರು ಮುದುಕರು ತಂಡ ಆರಿಸುವವರಾದೆವು. ನನ್ನ ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನ್ನದು.

ಈ ವರ್ಷವೂ ಕೂತೆವು. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಜೀಪಿನ ಬಾನೆಟ್ ಮೇಲೆ ಹರಡಿದೆ.

“ಬರಿ, ಗುರಣ್ಣಾ. ನಡುವ ರಫೀಕ,” ಎಂದ ದಸ್ತಗೀರ್ ಕಾಕಾ. “ಅದರಾಗ ಮಾತೇ ಇಲ್ಲ.”

“ಮಾತ ಐತಿ,” ಎಂದ ಚನ್ನಬಸಪ್ಪ. “ಹೋದ ವರ್ಷ ಕಡೀ ಇಪ್ಪತ್ತ ಮಿನಿಟು ಅಂವಾ ಓಡಿದ್ದು ಯಾರ ನೋಡೀರಿ? ಲಗ್ನ ಆಗೇತಿ ಅವಂದು. ಲಗ್ನ ಆದಾವ್ರು ಹಿಂದ ಆಡಬೇಕು.”

“ನಿನಗ ಲಗ್ನ ಆಗಿ ನಲವತ್ತ ವರ್ಷ ಆತು. ನಿನ್ನ ಎಲ್ಲಿ ಹಾಕೂಣು?”

ರಫೀಕ ನಡುವೆಯೇ ಉಳಿದ. ಎಡಗಡೆ ಓಡಲು ಹೆಬ್ಬಳ್ಳಿಯ ಈರಣ್ಣ. ಅವನು ಬೆಳಿಗ್ಗೆ ಹೊಲ ಮುಗಿಸಿ ಕೆಸರುಗಾಲಿನಲ್ಲೇ ಬಂದು ಆಡುವವನು. ಮುಂದೆ ಮೊಬೈಲ್ ಅಂಗಡಿಯ ಸಂತೋಷ. ಹೆಸರುಗಳು ಒಂದೊಂದಾಗಿ ಬಿದ್ದವು. ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಮೇಲೆ ಬರೆಯಬೇಕಾದ ಹೆಸರು. ಹದಿನಾರು ವರ್ಷ ಅದನ್ನು ನಾನು ಕೇಳದೆಯೇ ಬರೆದಿದ್ದೆ: ಗೋಲು, ಮಲ್ಲೇಶಿ. ಈ ಸಲವೂ ರೂಢಿಯಂತೆ ಮೊದಲಿಗೇ ಬರೆದುಬಿಟ್ಟಿದ್ದೆ.

“ಅದನ್ನ ಹೊಡದಹಾಕು,” ಎಂದ ಚನ್ನಬಸಪ್ಪ.

ಮಲ್ಲೇಶಿ ಮಾರುಕಟ್ಟೆಯಲ್ಲಿ ಹಮಾಲ. ಮೂವತ್ತೇಳರ ಆಸುಪಾಸು, ಅಗಲ ಹೆಗಲು, ದೊಡ್ಡ ಕೈ. ಒಳ್ಳೆಯ ಕಾಲದಲ್ಲಿ ಅವನು ಚೆಂಡು ಹಿಡಿದರೆ ಚೀಲದ ಬಾಯಿ ಬಿಗಿದಂತೆ ಇರುತ್ತಿತ್ತು. ಎರಡು ವರ್ಷಗಳಿಂದ ಅವನ ಆಟ ವಿಚಿತ್ರವಾಗಿತ್ತು. ಎತ್ತರದ ಚೆಂಡನ್ನು ಹಿಡಿಯುವನು, ನೆಲದ ಮೇಲೆ ಉರುಳಿ ಬಂದದ್ದನ್ನು ಬಿಡುವನು. ಪಂದ್ಯದುದ್ದಕ್ಕೂ ತನ್ನ ಮುಂದಿನವರ ಹೆಸರು ಹಿಡಿದು ಕೂಗುತ್ತಲೇ ಇರುವನು. “ರಫೀಕಾ, ಎಲ್ಲದೀ? ಓ ಅನ್ನು!” ಎಂದು ಅರಚುವನು. ಇವನೇನು ಗೋಲು ಕಾಯುತ್ತಾನೋ ಹರಾಜು ಕೂಗುತ್ತಾನೋ ಎಂದು ನಾವು ನಗುತ್ತಿದ್ದೆವು.

ಹೋದ ವರ್ಷದ ಕೊನೆಯ ಪಂದ್ಯದಲ್ಲಿ ಸಮ ಮಾಡಿಕೊಂಡಿದ್ದರೂ ನಾವು ಮೇಲಿನ ವಿಭಾಗದಲ್ಲಿ ಉಳಿಯುತ್ತಿದ್ದೆವು. ಆಟ ಮುಗಿಯಲು ಎರಡು ನಿಮಿಷ. ಒಂದು ಚೆಂಡು ಸೋತು ಸುಸ್ತಾಗಿ ಉರುಳುತ್ತ ಬಂತು. ಕೂಸು ಕೂಡ ತಡೆಯಬಹುದಾಗಿತ್ತು. ಮಲ್ಲೇಶಿ ಕಣ್ಣು ನೆಟ್ಟಗೆ ಮುಂದಿಟ್ಟು ನಿಂತೇ ಇದ್ದ. ಚೆಂಡು ಅವನ ಎರಡು ಕಾಲಿನ ನಡುವೆ ಹಾದು ಒಳಗೆ ಹೋಯಿತು.

ಆಗ ನಾನು ಒಂದು ಮಾತು ಅಂದೆ. “ಇವನ ಕಾಲಾಗಿಂದ ನಮ್ಮ ಡಿಪೋದ ಬಸ್ಸ ದಾಟಸಬಹುದು ನೋಡ್ರಿ, ಕಂಡಕ್ಟರ್ ಸೀಟಿ ಹೊಡಿಯೂದೂ ಬ್ಯಾಡ.” ಸುತ್ತಲಿನ ಹತ್ತಿಪ್ಪತ್ತು ಮಂದಿ ಬಿದ್ದು ಬಿದ್ದು ನಕ್ಕರು. ಜೀವಮಾನದಲ್ಲಿ ನನ್ನ ಮಾತಿಗೆ ಅಷ್ಟು ಜನ ನಕ್ಕದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಸಂಜೆಯೊಳಗೆ ಯಾರೋ ಮಲ್ಲೇಶಿಯ ಕಾಲುಗಳ ನಡುವೆ ಬಸ್ಸು ಹೋಗುತ್ತಿರುವ ಚಿತ್ರ ಮಾಡಿ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ನಾನು ಅದಕ್ಕೆ ಹೆಬ್ಬೆರಳು ಎತ್ತಿ ತೋರಿಸಿದೆ. ಆಮೇಲೆ ಅವನು ಮಾರುಕಟ್ಟೆಯಲ್ಲಿ ನಡೆದರೆ ಜನ ಬಾಯಿಂದ ಹಾರನ್ ಬಾರಿಸುತ್ತಿದ್ದರಂತೆ.

ಚನ್ನಬಸಪ್ಪ ಹೊಡೆದುಹಾಕು ಎಂದಾಗ ನಾನು ಪೆನ್ನು ಎತ್ತಿದ್ದೆ, ಅಷ್ಟರಲ್ಲಿ ಗ್ಯಾರೇಜಿನ ಬಾಗಿಲಲ್ಲಿ ಮಲ್ಲೇಶಿಯೇ ನಿಂತಿದ್ದ. ಮಧ್ಯಾಹ್ನ ನಾಲ್ಕರ ಸಮಯ, ಹೊರಗೆ ಮೋಡ.

“ಪಟ್ಟಿ ಮಾಡಾಕತ್ತೀರೆನ್ರಿ?” ಎಂದ. “ಒಂದ ಮಾತ ಕೇಳಾಕ ಬಂದೇನ್ರಿ. ನನಗ ಪೂರಾ ಸೀಸನ್ ಬ್ಯಾಡ. ಮೊದಲನೇ ಮ್ಯಾಚ್ ಒಂದ ಆಡಸ್ರಿ. ಅದಾದ ಮ್ಯಾಲೆ ನಾನ ಬಿಡ್ತೇನಿ.”

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

“ಮಲ್ಲೇಶಿ, ನಮ್ಮ ಕೈಯಾಗೇನೈತಿ?” ಎಂದ ದಸ್ತಗೀರ್ ಕಾಕಾ. “ಯಲ್ಲಪ್ಪನ್ನ ಕೇಳು.”

“ಯಲ್ಲಪ್ಪ ನಿಮ್ಮನ್ನ ಕೇಳು ಅಂದಾನ್ರಿ.”

ಚನ್ನಬಸಪ್ಪ ಗಂಟಲು ಸರಿಮಾಡಿಕೊಂಡ. “ಅಮ್ಮಿನಬಾವಿಯಿಂದ ಹೊಸಬ ಬಂದಾನಪಾ, ಅಭಿಷೇಕ ಅಂತ. ಇಪ್ಪತ್ತೆರಡ ವರ್ಷದಾಂವ. ಮೊದಲನೇ ಮ್ಯಾಚಿನಾಗ ಸೋತ್ರ ಮುಂದ ಏಳಾಕ ಆಗಂಗಿಲ್ಲ. ತಿಳಕೊ.”

ಮಲ್ಲೇಶಿ ಸುಮ್ಮನೆ ಮುಂದೆ ಬಂದು ಪಟ್ಟಿ ಎತ್ತಿಕೊಂಡ. ಅದನ್ನು ಮುಖದ ಹತ್ತಿರ ತಂದು, ದೂರ ಸರಿಸಿ, ಓರೆ ಮಾಡಿ, ಮತ್ತೆ ತಂದು ನೋಡಿದ. “ನನ್ನ ಹೆಸರ ಐತೇನ್ರಿ ಇದರಾಗ?” ಎಂದು ಕೇಳಿದ. ಎಲ್ಲಕ್ಕೂ ಮೇಲೆ ದಪ್ಪಕ್ಷರದಲ್ಲಿ ಇತ್ತು. ನಾನು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತೆ. ಅವನು ಹಾಳೆಯನ್ನು ಬಾನೆಟ್ಟಿನ ಮೇಲೆ ಇಟ್ಟು, “ಆತ್ ಬಿಡ್ರಿ,” ಎಂದು ತಿರುಗಿದ. ತಿರುಗಿದವನು ದಾರಿಯಲ್ಲೇ ಇದ್ದ ಜಾಕಿಗೆ ಎಡವಿ, ಸ್ಟೂಲನ್ನು ಕೆಡವಿ, ಬಾಗಿಲ ಚೌಕಟ್ಟನ್ನು ಹಿಡಿದು ಹೇಗೋ ಹೊರಗೆ ಹೋದ.

“ಕುಡದಾನ,” ಎಂದ ಚನ್ನಬಸಪ್ಪ. “ಇಷ್ಟ ಹೊತ್ತಿಗೇ.”

ನಾನು ಹೆಸರಿನ ಮೇಲೆ ಗೆರೆ ಎಳೆದೆ. ಅಕ್ಷರ ದುಂಡಗಿರುವವರು ಗೆರೆಯನ್ನೂ ನೆಟ್ಟಗೆ ಎಳೆಯುತ್ತಾರೆ.

ಲೀಗು ನಡೆಸುವ ಸಂಘದ ನೋಂದಣಿಯಿಂದ ಒಬ್ಬ ಆಟಗಾರನನ್ನು ತೆಗೆಯಬೇಕಾದರೆ ಅವನ ಸಹಿ ಬೇಕು. ಕಾಗದಪತ್ರದ ಕೆಲಸವೆಂದರೆ ಯಲ್ಲಪ್ಪ ನನ್ನ ಕಡೆಗೇ ಕೈ ತೋರಿಸುತ್ತಾನೆ. ಎಂಟು ದಿನಗಳ ನಂತರ ಮಲ್ಲೇಶಿಯ ಬಿಡುಗಡೆ ಪತ್ರ ಹಿಡಿದು ಧಾರವಾಡದ ಬಸ್ಸು ಹತ್ತಿ ರಾಯಾಪುರದಲ್ಲಿ ಇಳಿದೆ. ಅವನು ಚಾಳ ಬಿಟ್ಟು ಅಲ್ಲಿ ಒಂದು ಕೋಣೆ ಮಾಡಿದ್ದಾನೆಂದು ಗೊತ್ತಿತ್ತು. ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ, ಅವನು ಕುಡಿದಿದ್ದರೆ ಹೇಗೆ ಮಾತಾಡಿಸಬೇಕು ಎಂದು ಯೋಚಿಸುತ್ತಿದ್ದೆ.

ಬಾಗಿಲು ತೆಗೆದವಳು ಅವನ ಹೆಂಡತಿ ರೇಣುಕಾ. ಒಳಗೆ ಬಹಳ ಅಚ್ಚುಕಟ್ಟು. ನೆಲದ ಮೇಲೆ ಒಂದು ಸಾಮಾನೂ ಇರಲಿಲ್ಲ, ಚಪ್ಪಲಿ ಕೂಡ ಮೊಳೆಗೆ ತೂಗುಹಾಕಿತ್ತು. ಮಲ್ಲೇಶಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದ.

“ಯಾರು?” ಎಂದ, ನಾನು ಅವನ ಎದುರಿಗೇ ನಿಂತಿದ್ದರೂ.

“ಗುರಣ್ಣಾರು ಬಂದಾರ,” ಎಂದಳು ರೇಣುಕಾ.

ನಾನು ಬಂದ ಕೆಲಸ ಹೇಳಿದೆ. ಅವನು ತಲೆಯಾಡಿಸಿ ಕೈ ಚಾಚಿದ. ಪೆನ್ನು ಕೊಟ್ಟೆ. ರೇಣುಕಾ ಬಂದು ಅವನ ಪಕ್ಕಕ್ಕೆ ಕೂತು, ಮಣಿಕಟ್ಟು ಹಿಡಿದು, ಪೆನ್ನಿನ ತುದಿಯನ್ನು ಕಾಗದದ ಮೇಲಿನ ಗೆರೆಗೆ ತಂದಿಟ್ಟಳು. ಒಂದನೆಯ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುವಂತೆ. ಅವನು ಸಹಿ ಮಾಡಿದ. ಕೊನೆಯ ಅಕ್ಷರ ಕಾಗದ ದಾಟಿ ಹಾಸಿಗೆಯ ಮೇಲೆ ಹೋಯಿತು.

“ಮಲ್ಲೇಶಿ, ಕಣ್ಣು…” ಎಂದೆ.

“ಹೌದ್ರಿ. ಕಾಣಂಗಿಲ್ರಿ,” ಎಂದ, ಸಲೀಸಾಗಿ. “ಕೊಳವಿ ಹಿಡದ ನೋಡ್ದಂಗ ಆಗತೈತಿ. ನಡುವ ಒಂದೀಟ ಕಾಣತೈತಿ, ಅದೂ ಬಿಸಿಲಿದ್ರ. ಕೆಳಗ ಇಲ್ಲ, ಬಾಜೂ ಇಲ್ಲ. ಮೋಡ ಆದ್ರ ನಡುವಿಂದೂ ಇಲ್ಲ. ಡಾಕ್ಟರ್ ಅಂದಾರ, ಇದಕ್ಕ ಔಷಧ ಇಲ್ಲ, ವರ್ಷ ಎರಡ ವರ್ಷದಾಗ ಕೊಳವೀನೂ ಮುಚ್ಚತೈತಿ ಅಂತ.”

“ಮತ್ತ ಎರಡ ವರ್ಷ ಹೆಂಗ ಗೋಲ್ ಕಾಯ್ದಿ?”

“ಕಿವೀಲೆ. ರಫೀಕ ಓ ಅಂದ್ರ ಅಂವಾ ಎಲ್ಲದಾನ ಅಂತ ತಿಳೀತಿತ್ತು. ಬೂಟಿನ ಸಪ್ಪಳ ಕೇಳತಿತ್ತು. ಮ್ಯಾಲಿನ ಬಾಲ್ ಬೆಳಕಿನಾಗ ಒಂದೀಟ ಕಪ್ಪಗ ಕಾಣತಿತ್ತು. ನೆಲದ ಮ್ಯಾಲಿನ ಬಾಲಿಗೆ ಸಪ್ಪಳಾ ಇಲ್ಲ, ಏನೂ ಇಲ್ಲ.”

ಹೊರಗೆ ಬಸ್ಸೊಂದು ಹೋಯಿತು.

“ಆ ಬಸ್ಸಿನ ಮಾತು ನಾನ ಅಂದಿದ್ದು,” ಎಂದೆ.

“ಗೊತ್ತೈತ್ರಿ. ನಿಮ್ಮ ದನಿ ಕೇಳಿತ್ತು,” ಎಂದ. “ನನಗ ಅದರಿಂದ ಉಪಕಾರನ ಆತ್ರಿ. ಎಲ್ಲಾರೂ ಮಲ್ಲೇಶಿ ಮೈಗಳ್ಳ ಆದ ಅಂದ್ರು. ಕೆಲವರು ಕುಡಕ ಅಂದ್ರು. ಕಣ್ಣಿನ ಸುದ್ದಿ ಯಾರಿಗೂ ಬರಲಿಲ್ಲ. ಮಾರ್ಕೆಟ್ಟಿನಾಗ ಗೊತ್ತಾದ್ರ ನನ್ನ ಹಲಗಿ ಮ್ಯಾಲೆ ಯಾರ ಬಿಡ್ತಾರ್ರಿ, ಚೀಲಾ ಹೊತ್ತು ಲಾರಿ ಹತ್ತಾಕ? ಹಲಗಿ ನನಗ ಕಾಲಿಗೇ ಪಾಠ ಐತಿ, ನಡೀತೈತಿ. ಅದಕ್ಕ ಕೈ ಮುಗದ ಕೇಳ್ತೇನ್ರಿ ಗುರಣ್ಣಾರ, ಯಾರಿಗೂ ಹೇಳಬ್ಯಾಡ್ರಿ. ಚನ್ನಬಸಪ್ಪನವರಿಗೆ ಮೊದಲ ಬ್ಯಾಡ.”

“ಆ ಒಂದ ಮ್ಯಾಚ್ ಯಾಕ ಬೇಕಾಗಿತ್ತು ನಿನಗ?”

“ಹೋದ ವರ್ಷದ್ದು ಕಡೀ ಮ್ಯಾಚು ಅಂತ ನನಗ ಗೊತ್ತಿರಲಿಲ್ರಿ. ಗೊತ್ತಿದ್ದ ಒಂದ ಆಡಬೇಕು ಅನಸಿತ್ತು.”

ನಾನು ಯಾರಿಗೂ ಹೇಳುವುದಿಲ್ಲವೆಂದು ಅವನ ಕೈ ಹಿಡಿದು ಮಾತು ಕೊಟ್ಟೆ. ರೇಣುಕಾ ಕೊಟ್ಟ ಚಹಾ ಕುಡಿದೆ. ಹಿಂದಿರುಗುವಾಗ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತುಕೊಂಡೇ ಬಂದೆ. ಅದರಿಂದ ಯಾರಿಗೆ ಏನು ಒಳಿತಾಯಿತೋ ತಿಳಿಯದು, ಆದರೆ ಕೂಡಬೇಕು ಅನ್ನಿಸಲಿಲ್ಲ.

ಕೊಟ್ಟ ಮಾತನ್ನು ನಾನು ಐದು ದಿನ ಕಾಯ್ದೆ. ಇಡೀ ಜೀವನ ಗೆರೆಯ ಆಚೆ ಕೂತು ಬೇರೆಯವರು ಬಿಟ್ಟ ಗೋಲುಗಳನ್ನು ಎಣಿಸಿದವನು ನಾನು. ನನ್ನ ಪಾಲಿಗೆ ಬಂದ ಒಂದನ್ನು ಐದು ದಿನ ತಡೆದೆ, ಅಷ್ಟೇ.

ಮೊದಲ ಪಂದ್ಯಕ್ಕೆ ಎರಡು ದಿನ ಇತ್ತು. ಗ್ಯಾರೇಜಿನಲ್ಲಿ ಪಟ್ಟಿಯನ್ನು ಮತ್ತೆ ತೆಗೆದು, ಸಂತೋಷನ ಹಿಮ್ಮಡಿ ನೋವಿನ ಬಗ್ಗೆ ಚರ್ಚೆ ನಡೆದಿತ್ತು. ಮಾತು ಅಭಿಷೇಕನ ಕಡೆ ಹೊರಳಿ, ಅಲ್ಲಿಂದ ಮಲ್ಲೇಶಿಯ ಕಡೆ ಹೊರಳಿತು.

“ಛಲೋ ಆತು ಬಿಡು, ಕುಡಕ ಹೋದ,” ಎಂದ ಚನ್ನಬಸಪ್ಪ. “ನಿನ್ನೆ ಮಾರ್ಕೆಟ್ಟಿನಾಗ ನನ್ನ ಎದರಿಗೇ ಬಂದ. ನಮಸ್ಕಾರಿಲ್ಲ, ಚಮತ್ಕಾರಿಲ್ಲ. ಸೊಕ್ಕ ಬಂದೈತಿ ಅವಗ. ಕುಡದ ಕುಡದ—”

“ಅಂವಾ ಕುಡದಿಲ್ಲೋ ಮಾರಾಯಾ,” ಎಂದೆ. “ಅವನ ಕಣ್ಣ ಹೋಗ್ಯಾವು.”

ದಸ್ತಗೀರ್ ಕಾಕಾನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲಿಯೇ ನಿಂತಿತು. ಆಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಎಲ್ಲ ಹೇಳಿದೆ. ಯಾರ ಮುಂದೆಯೂ ಬಾಯಿ ಬಿಡಬಾರದು ಎಂದೂ ಹೇಳಿದೆ, ನಾನು ಬಿಟ್ಟ ಮೇಲೆ.

ಚನ್ನಬಸಪ್ಪ ವಿಭೂತಿಯ ಹಣೆಯನ್ನು ಅಂಗೈಯಲ್ಲಿ ಒತ್ತಿಕೊಂಡು ಕೂತ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯೇ ಅವನು ಹಮಾಲರ ಮುಖಂಡನನ್ನು ಕರೆದು, “ಮಲ್ಲೇಶಿನ್ನ ಹಲಗಿ ಮ್ಯಾಲೆ ಹತ್ತಸಬ್ಯಾಡ್ರಿ, ಕೆಳಗ ಬಿದ್ದಗಿದ್ದಾನು, ಕಣ್ಣ ಕಾಣಂಗಿಲ್ಲ ಅವಗ,” ಎಂದು ಹೇಳಿದ. ತನ್ನ ಅಂಗಡಿಯಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇನೆಂದೂ ಹೇಳಿಕಳಿಸಿದ. ಮಧ್ಯಾಹ್ನದೊಳಗೆ ಮಲ್ಲೇಶಿ ಮನೆಗೆ ಹೋಗಿದ್ದ. ಚನ್ನಬಸಪ್ಪನ ಕೆಲಸ ಬೇಡವೆಂದನಂತೆ. “ಯಾರ ಹೇಳಿದ್ರು?” ಎಂದು ಮಾತ್ರ ಕೇಳಿದನಂತೆ. ಚನ್ನಬಸಪ್ಪ ನನ್ನ ಹೆಸರು ಹೇಳಿದ. ಅವನಿಗೆ ಸುಳ್ಳು ಹೇಳಿ ರೂಢಿಯಿಲ್ಲ.

“ನಾ ಒಳ್ಳೇದ ಮಾಡಾಕ ಹೋಗಿದ್ನೋ,” ಎಂದ ಆಮೇಲೆ ನನ್ನ ಮುಂದೆ.

“ಇಬ್ಬರೂ ಸೇರಿ ಮಾಡಿದ್ವಿ,” ಎಂದೆ.

ದಸ್ತಗೀರ್ ಕಾಕಾ ಮಾತ್ರ ನನ್ನ ಮುಖ ನೋಡಿ, “ರಾಯಾಪುರಕ್ಕ ಹೋಗಿ ಬಾ. ಇವತ್ತ ಹೋಗು,” ಎಂದ. ನಾನು ನಾಳೆ ಹೋಗುತ್ತೇನೆ ಎಂದೆ. ನಾಳೆ ಪಂದ್ಯವಿತ್ತು.

ಶನಿವಾರ ಮಧ್ಯಾಹ್ನ. ಮಳೆ ಬಂದೂ ಬಾರದಂತೆ ಮೋಡ ಕವಿದಿತ್ತು. ನಾನು ಮೈದಾನಕ್ಕೆ ಬರುವಾಗ ಆಟ ಶುರುವಾಗಿ ಹತ್ತು ನಿಮಿಷವಾಗಿತ್ತು. ಆಚೆ ಮಗ್ಗುಲಿಗೆ ನಮ್ಮವರು ಕೂತಿದ್ದರು. ಚನ್ನಬಸಪ್ಪನ ಬಿಳಿ ಅಂಗಿ ದೂರದಿಂದಲೇ ಕಾಣುತ್ತಿತ್ತು. ಅತ್ತ ಹೋಗಲು ತಿರುಗಿದವನಿಗೆ ನಮ್ಮ ಗೋಲಿನ ಹಿಂದೆ, ತಂತಿಬೇಲಿಗೆ ಎರಡೂ ಕೈ ಕೊಟ್ಟು ನಿಂತ ಮಲ್ಲೇಶಿ ಕಂಡ. ಒಬ್ಬನೇ ಇದ್ದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಕೂದಲು, ಲಗ್ನಕ್ಕೆ ಬಂದವನಂತೆ.

ಕಾಲಿಗೆ ಬಿದ್ದಾದರೂ ಕ್ಷಮೆ ಕೇಳಬೇಕೆಂದು ಅವನ ಹತ್ತಿರ ಹೋದೆ. ಎಡಗಡೆಗೆ ಒಂದು ಮಾರು ದೂರದಲ್ಲಿ ನಿಂತೆ. ಅವನು ಗೋಲಿನ ಕಡೆಗೇ ಮುಖ ಮಾಡಿದ್ದ. ಅವನ ಕೊಳವೆಯ ಆಚೆ ನಾನಿದ್ದೆ. ಬಾಯಿ ತೆರೆದೆ. ಅಷ್ಟರಲ್ಲಿ ಎದುರಿನವರು ಗೋಲು ಹೊಡೆದರು. ಮೈದಾನವೆಲ್ಲ ಗದ್ದಲ.

“ಬಾಜೂ ಯಾರರ ಅದೀರೇನ್ರಿ?” ಎಂದು ಅವನು ನನ್ನ ಕಡೆ ತಿರುಗಿದ. ನೋಟ ನನ್ನ ಭುಜದ ಪಕ್ಕದಿಂದ ಎಲ್ಲಿಗೋ ಹೋಯಿತು. “ಯಾರ ಹೊಡದ್ರು?”

ನಾನು ಹೇಳಿದೆ. ಹೇಳುವಾಗ ಏನಾಯಿತೋ, ನನ್ನ ಬಾಯಿಂದ ನನ್ನ ಕನ್ನಡ ಬರಲಿಲ್ಲ. ದನಿಯನ್ನು ಸಣ್ಣಗೆ ಮಾಡಿ, ರೇಡಿಯೋದ ವಾರ್ತೆಯಂತೆ, “ಎದುರಿನ ತಂಡದವರು ಹೊಡೆದರು. ಬಲಮೂಲೆಯಿಂದ ಚೆಂಡು ಬಂದಿತು,” ಎಂದೆ.

“ಹೊರಗಿನವರೇನ್ರಿ? ಮೈಸೂರ ಕಡೇದವ್ರು?”

“ಹೌದು,” ಎಂದೆ. ಮೈಸೂರಿನಲ್ಲಿ ನಾನು ಎರಡು ದಿನಕ್ಕಿಂತ ಹೆಚ್ಚು ಇದ್ದವನಲ್ಲ.

“ಹಂಗಾರ ನಿಮಗ ನಮ್ಮ ಹುಡುಗರು ಗೊತ್ತಿಲ್ಲ. ಹೇಳ್ತೇನಿ ಕೇಳ್ರಿ.” ಅವನು ಬೇಲಿಯ ಮೇಲಿಂದ ಒಂದು ಕೈ ಎತ್ತಿ ಮೈದಾನದ ಕಡೆ ಚಾಚಿದ. “ಅಲ್ಲಿ ನಡುವ ನಿಂತಿರಬೇಕು ನೋಡ್ರಿ ರಫೀಕ. ಜನಾ ಅಂತಾರ ಅಂವಾ ಓಡಂಗಿಲ್ಲ ಅಂತ. ಅಂವಾ ಓಡೂದ ಬೇಕಾಗಿಲ್ರಿ, ಬಾಲ್ ಎಲ್ಲಿ ಬರತೈತಿ ಅಂತ ಮೊದಲ ಅಲ್ಲಿ ಹೋಗಿ ನಿಂತಿರತಾನ. ಎಡಕ್ಕ ಈರಣ್ಣ, ಹೆಬ್ಬಳ್ಳಿಯಾಂವ. ಹೆಜ್ಜಿ ಭಾರ, ಅಂವಾ ಓಡಿದ್ರ ನೆಲಾ ಹೇಳತೈತಿ. ಸಂತೋಷಗ ಹಿಮ್ಮಡಿ ನೋವೈತಿ, ಯಾರ ಮುಂದೂ ಹೇಳಂಗಿಲ್ಲ, ಇವತ್ತ ಬಲಗಾಲೀಲೆ ಹೊಡಿಯಂಗಿಲ್ಲ ನೋಡ್ರಿ.”

ಹನ್ನೊಂದು ಮಂದಿಯನ್ನೂ ಹೇಳಿದ. ಇಷ್ಟು ವರ್ಷ ಪಟ್ಟಿ ಬರೆದ ನನಗೆ ಅದರಲ್ಲಿ ಅರ್ಧದಷ್ಟೂ ಗೊತ್ತಿರಲಿಲ್ಲ.

“ಗೋಲಿನಲ್ಲಿ ಯಾರು?” ಎಂದೆ.

“ಹೊಸಬ, ಅಭಿಷೇಕ. ಬಾಯಿಲ್ಲದಾಂವ, ಒಂದ ಸಲಾನೂ ಕೂಗಿಲ್ಲ. ಆದ್ರ ಕಣ್ಣ ಅದಾವು. ಕಣ್ಣಿದ್ದಾವಗ ಬಾಯಿ ಎದಕ ಬೇಕ್ರಿ?”

“ಇವನಿಗಿಂತ ಮುಂಚೆ?” ಯಾಕೆ ಕೇಳಿದೆನೋ ತಿಳಿಯದು.

“ಇದ್ದ ಒಬ್ಬಾಂವ,” ಎಂದ. ಚೆಂಡು ಮತ್ತೆ ನಮ್ಮ ಕಡೆ ಬಂದಿತ್ತು. “ಎಲ್ಲೈತ್ರಿ ಈಗ?” ಎಂದು ಕೇಳಿದ.

ಆಟ ಮುಗಿಯುವವರೆಗೂ ನಾನು ಅವನಿಗೆ ಚೆಂಡು ಎಲ್ಲಿದೆ ಎಂದು ಹೇಳುತ್ತ ಹೋದೆ. ಒಂದಕ್ಕೆ ಮೂರು ಗೋಲಿನಿಂದ ಸೋತೆವು. ನಮ್ಮ ಒಂದು ಗೋಲು ಸಂತೋಷ ಎಡಗಾಲಿನಿಂದ ಹೊಡೆದದ್ದು. ಆಗ ಮಲ್ಲೇಶಿ ನನ್ನ ತೋಳು ಹುಡುಕಿ ಹಿಡಿದು ಅಲುಗಾಡಿಸಿದ.

ಜನ ಚದುರುವಾಗ ರೇಣುಕಾ ಬಂದಳು. ಅವಳು ರಾಯಾಪುರದ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾಳೆ, ಅಲ್ಲಿಂದ ನೇರ ಬಂದಿರಬೇಕು. ನನ್ನನ್ನು ಕಂಡು ನಿಂತಳು. ನಾನು ಏನೂ ಅನ್ನದೆ ಕೈ ಮುಗಿದೆ.

“ಇವರು ಮೈಸೂರ ಕಡೇದವರಂತ,” ಎಂದ ಮಲ್ಲೇಶಿ ಅವಳಿಗೆ. “ಭಾಳ ಛಲೋ ಮನಷ್ಯಾರು. ಪೂರಾ ಮ್ಯಾಚ್ ಹೇಳಿದ್ರು ನನಗ.”

ರೇಣುಕಾ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿತ್ತು, ಅದರ ಹಿಂದೆ ದಣಿವು ಇತ್ತು. ಅವಳು ಗಂಡನ ತೋಳಿಗೆ ತೋಳು ಸೇರಿಸಿದಳು.

“ಹೌದನ್ರಿ?” ಎಂದಳು ನನಗೆ. “ಹಂಗಾರ ಮುಂದಿನ ಶನಿವಾರನೂ ಬರ್ರಿ. ನನಗ ಕೆಲಸ ಇರತೈತಿ, ನಿಂದರಾಕ ಆಗಂಗಿಲ್ಲ. ಇವರಿಗೆ ಹೇಳಾವ್ರು ಒಬ್ಬರು ಬೇಕು.”

“ಬರುತ್ತೇನೆ,” ಎಂದೆ.

ಅಲ್ಲಿಂದ ಈಚೆಗೆ ಮೂರು ಪಂದ್ಯಗಳಾಗಿವೆ. ಎರಡು ಸೋತೆವು, ಒಂದು ಸಮ. ಮಲ್ಲೇಶಿಗೆ ಮಾರುಕಟ್ಟೆಯ ಬೇರೊಂದು ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ ಸಿಕ್ಕಿದೆ, ಅದನ್ನು ಬೆರಳುಗಳೇ ನೋಡಿಕೊಳ್ಳುತ್ತವೆ. ದಸ್ತಗೀರ್ ಕಾಕಾ ಆಚೆ ಮಗ್ಗುಲಿನಿಂದ ನನ್ನನ್ನು ನೋಡುತ್ತಾನೆ, ಇನ್ನೂ ಹೇಳಲಿಲ್ಲವೇ ಎಂದು ಹುಬ್ಬು ಎತ್ತುತ್ತಾನೆ. ನಾನು ತಲೆ ತಗ್ಗಿಸುತ್ತೇನೆ. ಕ್ಷಮೆಯನ್ನು ನನ್ನ ಕನ್ನಡದಲ್ಲೇ ಕೇಳಬೇಕು, ಆ ಕನ್ನಡ ಬಾಯಿಗೆ ಬಂದ ಕೂಡಲೇ ಅವನು ನನ್ನ ಗುರುತು ಹಿಡಿಯುತ್ತಾನೆ. ಹೀಗಾಗಿ ಶನಿವಾರ ಬಂದರೆ ಗೋಲಿನ ಹಿಂದೆ ನಿಂತು, ಯಾವುದೋ ಊರಿನವನ ದನಿಯಲ್ಲಿ, ಚೆಂಡು ಎಲ್ಲಿದೆ ಎಂದಷ್ಟೇ ಹೇಳುತ್ತಿದ್ದೇನೆ.